ಎರ್ವಿನ್ ಮೆತ್ತಿದ ಗೋಡೆ

ರೋಸ್ವಿತಾ ಪ್ಲಮ್ ಕೇಕಿನ ತಟ್ಟೆಯ ಪಕ್ಕದಲ್ಲಿ ಅತ್ತೆಯ ಹೆಣಿಗೆಯ ಕಡ್ಡಿಯನ್ನು ತಂದಿಟ್ಟಳು. ಕಡ್ಡಿಗೆ ಅಂಟಿದ್ದದ್ದು ಕೇಕಿನ ಹಿಟ್ಟಲ್ಲ. ಕಂದು ಬಣ್ಣದ, ಒದ್ದೆಯಾದ, ಅಣಬೆಯ ವಾಸನೆಯ ಪುಡಿ. ಭಾನುವಾರದ ಕಾಫಿಯ ಹೊತ್ತು. ಮೇಜಿನ ಮೇಲೆ ಇಸ್ತ್ರಿ ಮಾಡಿದ ಬಿಳಿ ಬಟ್ಟೆ, ನೀಲಿ ಹೂವಿನ ಬಟ್ಟಲುಗಳು, ಕಡೆದ ಕೆನೆ. ಇಂಥ ಮೇಜಿನ ಮೇಲೆ ಕೊಳೆತ ವಸ್ತು ತಂದಿಡುವುದೆಂದರೆ ಅತ್ತೆ ಒಟ್ಟೀಲಿಯ ಮಟ್ಟಿಗೆ ಕಪಾಳಕ್ಕೆ ಹೊಡೆದ ಹಾಗೆಯೇ ಸರಿ.

"ಏನೇ ಇದು?"

"ನಿಮ್ಮ ಮನೆ, ಅತ್ತೆ," ರೋಸ್ವಿತಾ ಅಂದಳು. "ಬೆಂದಿದೆಯಾ ಅಂತ ಕೇಕಿಗೆ ಚುಚ್ಚಿ ನೋಡ್ತೀವಲ್ಲ, ಹಾಗೆ ಉಗ್ರಾಣದ ಕಡೆಯಿಂದ ತಳದ ತೊಲೆಗೆ ಚುಚ್ಚಿದೆ. ಓಕ್ ಮರ! ಮೊಳೆ ಹೊಡೆದರೆ ಮೊಳೆಯೇ ಬಗ್ಗಬೇಕು. ಕಡ್ಡಿ ತುದಿಯ ಗುಂಡಿಯವರೆಗೂ ಹೋಯ್ತು..."

ಒಟ್ಟೀಲಿಯ ಮಗ, ರೋಸ್ವಿತಾಳ ಗಂಡ ಹೆನ್ನಿಂಗ್ ಎರಡನೆಯ ತುಂಡು ಕೇಕಿಗೆ ಕೈಚಾಚಿದ. ಊರಿನ ಬಸ್ಸನ್ನು ಇಕ್ಕಟ್ಟಿನ ತಿರುವುಗಳಲ್ಲಿ ಕೂದಲೆಳೆಯಷ್ಟೂ ತಾಗದಂತೆ ಓಡಿಸುವ ಗಂಡಸು ಅವನು. ಆದರೆ ಅಮ್ಮ ಮತ್ತು ಹೆಂಡತಿಯ ನಡುವೆ ಸಿಕ್ಕಿಕೊಂಡಾಗಲೆಲ್ಲ ಅವನಿಗೆ ಇನ್ನಿಲ್ಲದ ಹಸಿವಾಗುತ್ತಿತ್ತು.

ಕ್ವೆಡ್ಲಿನ್‌ಬುರ್ಗ್ ಊರಿನ ನಡುಮಧ್ಯದ ಆ ಗಲ್ಲಿಯಲ್ಲಿ ಸಮನಾದ ನೆಲ ಯಾರ ಮನೆಯಲ್ಲೂ ಇಲ್ಲ. ಓಕ್ ಕಂಬ ತೊಲೆಗಳ ಚೌಕಟ್ಟು, ನಡುವೆ ಕಡ್ಡಿ ಹೆಣೆದು ಮೆತ್ತಿದ ಜೇಡಿಮಣ್ಣು, ಕೆಳಗಿನ ಅಂತಸ್ತಿಗಿಂತ ಮೇಲಿನದು ಬೀದಿಯತ್ತ ಒಂದಿಷ್ಟು ಮುಂದೆ ಬಾಗಿ ನಿಂತ ಮನೆಗಳು. ನೂರಾರು ವರ್ಷಗಳಿಂದ ಒಂದರ ಭುಜಕ್ಕೆ ಒಂದು ಒರಗಿಕೊಂಡು, ಯುದ್ಧಗಳನ್ನೂ ಬೆಂಕಿಯನ್ನೂ ದಾಟಿ, ಸರ್ಕಾರಗಳು ಬಂದುಹೋಗುವುದನ್ನು ನೋಡುತ್ತಾ ನಿಂತಿವೆ. ಅಲ್ಲಿ ಮೇಜಿನ ಕಾಲಿಗೆ ಮರದ ಚೂರು ಕೊಟ್ಟು ಸಮ ಮಾಡಿಕೊಳ್ಳುವುದು ಹಾಸಿಗೆಗೆ ಹೊದಿಕೆ ಹಾಸಿದಷ್ಟೇ ಸಹಜ. ಮಕ್ಕಳ ಗೋಲಿ ಉರುಳಿಹೋದರೆ ಯಾವ ಮೂಲೆಯಲ್ಲಿ ಹುಡುಕಬೇಕೆಂದು ಎಲ್ಲರಿಗೂ ಗೊತ್ತು. ಬಾಗುವುದಕ್ಕೆ ಯಾರೂ ಹೆದರುವುದಿಲ್ಲ. ಆದರೆ ಈ ಬೇಸಿಗೆಯಲ್ಲಿ ರೋಸ್ವಿತಾ ಅಡುಗೆಮನೆಯ ಬಾಗಿಲು ಚೌಕಟ್ಟಿಗೆ ಸಿಕ್ಕಿಕೊಳ್ಳದಂತೆ ಅದರ ಅಂಚನ್ನು ಮತ್ತೆ ಮತ್ತೆ ಹೆರೆಯಬೇಕಾಗಿ ಬಂದಿತ್ತು. ಬಾಗಿಲು ಬೆಳೆಯುವುದಿಲ್ಲ, ಮೂಲೆ ಇಳಿಯುತ್ತಿತ್ತು.

"ಫೋಲ್ಕ್‌ಮಾರ್‌ನ ಕರೆಸಿ ತೋರಿಸ್ದೆ," ಅಂದಳು ರೋಸ್ವಿತಾ. ಫೋಲ್ಕ್‌ಮಾರ್ ಎಂದರೆ ಹೆನ್ನಿಂಗನ ಜೊತೆ ಓದಿದ ಬಡಗಿ. "ಮುಂಭಾಗದ ಸಿಮೆಂಟ್ ಗಿಲಾವು ಕೀಳಲೇಬೇಕಂತೆ, ಅತ್ತೆ. ಮಳೆನೀರು ಬಿರುಕಿನಿಂದ ಒಳಗೆ ಹೋಗುತ್ತೆ, ಹೊರಗೆ ಬರೋಕೆ ದಾರಿಯಿಲ್ಲ. ಮಣ್ಣಿನ ಗೋಡೆ ಉಸಿರಾಡುತ್ತೆ, ಸಿಮೆಂಟ್ ಉಸಿರು ಬಿಡಲ್ಲ. ಚಳಿಗಾಲ ಬರೋದರೊಳಗೆ..."

"ನನ್ನ ಎರ್ವಿನ್ ಮೆತ್ತಿದ ಗೋಡೆ ಅದು!" ಒಟ್ಟೀಲಿ ಎದ್ದು ನಿಂತಳು. ಬಟ್ಟಲು ಉರುಳಿ ಕಾಫಿ ಬಿಳಿ ಬಟ್ಟೆಯ ಮೇಲೆ ಹರಿಯಿತು. "ಸಿಮೆಂಟ್ ಸಿಗದ ಕಾಲದಲ್ಲಿ ಸಾಕಿದ ಮೊಲ ಕೊಟ್ಟು ಮೂಟೆ ತಂದ. ರೈಲ್ವೆ ಕೆಲಸ ಮುಗಿಸಿ ಬಂದು, ಕೆಮ್ಮುತ್ತಾ ಕೆಮ್ಮುತ್ತಾ, ಒಬ್ಬನೇ ಏಣಿ ಹತ್ತಿ ಮೆತ್ತಿದ. ಆ ಚಳಿಗಾಲದಲ್ಲೇ ಹೋಗಿಬಿಟ್ಟ! ಅವನ ಕೈಯ ಕೊನೇ ಕೆಲಸ ಕಣೇ ಅದು... ನಾನು ಉಸಿರಾಡೋ ತನಕ ಅದಕ್ಕೆ ಒಂದು ಉಗುರು ತಾಗಬಾರದು."

"ಮಾವ ಬದುಕಿದ್ದಿದ್ದರೆ ಅವರೇ ಕಿತ್ತು ಹಾಕ್ತಿದ್ದರು."

"ಮಾವನ ಬಗ್ಗೆ ನೀನು ಹೇಳ್ತೀಯಾ ನನಗೆ? ಕಾಂಕ್ರೀಟ್ ಡಬ್ಬಿಯಲ್ಲಿ ಹುಟ್ಟಿದವಳು! ನಿಮ್ಮಪ್ಪನ ಮನೇಲಿ ಗೋಡೆಗೆ ಮೊಳೆ ಹೊಡೆದರೆ ಪಕ್ಕದ ಮನೆಯವನ ಸೂಪು ತುಳುಕುತ್ತೆ. ಓಕ್ ಮರದ ವಿಷಯ ನಿನಗೆ ಯಾರು ಹೇಳಿಕೊಟ್ಟರು, ಲಿಫ್ಟಾ?"

ಹೆನ್ನಿಂಗ್ ಕೇಕು ನುಂಗಿ, "ಅಮ್ಮ... ರೋಸ್ವಿತಾ... ಕಾಫಿ ಆರುತ್ತೆ," ಎಂದ. ಇಬ್ಬರೂ ಅವನನ್ನು ನೋಡಿದ ರೀತಿಗೆ ಮೂರನೆಯ ತುಂಡು ಕೈಯಿಂದ ಜಾರಿ ಬಿತ್ತು.

ಲಿಫ್ಟಿನ ಮಾತು ರೋಸ್ವಿತಾಳಿಗೆ ಹೊಸದಲ್ಲ. ಮದುವೆಯಾಗಿ ಬಂದ ದಿನದಿಂದ ಕೇಳುತ್ತಲೇ ಇದ್ದಳು. ಆದರೆ ಒಟ್ಟೀಲಿಗೆ ಗೊತ್ತಿಲ್ಲದ ಒಂದು ಸಂಗತಿಯಿತ್ತು. ಊರಾಚೆಯ ಕಾಂಕ್ರೀಟ್ ಬ್ಲಾಕಿನಲ್ಲಿ, ಎಲ್ಲ ಕಿಟಕಿಗಳೂ ಒಂದೇ ಥರ, ಎಲ್ಲ ಬಾಗಿಲುಗಳೂ ಒಂದೇ ಥರ ಇದ್ದ ಕಡೆ ಬೆಳೆದ ಆ ಹುಡುಗಿ ವಾರಕ್ಕೊಮ್ಮೆ ಕೊಳಲು ಕಲಿಯಲು ಹಳೆಯ ಪೇಟೆಗೆ ಬರುತ್ತಿದ್ದಳು. ಬಂದವಳು ಈ ಮನೆಯೆದುರು ನಿಂತುಬಿಡುತ್ತಿದ್ದಳು. ಮೇಲಂತಸ್ತನ್ನು ಹೊತ್ತ ತೊಲೆಯುದ್ದಕ್ಕೂ ಬೀಸಣಿಗೆಯ ಹಾಗೆ ಬಿಚ್ಚಿಕೊಂಡ ಅರ್ಧ ಹೂಗಳು! ಒಂದರ ಹಾಗೆ ಇನ್ನೊಂದಿಲ್ಲ. ಕೆತ್ತಿದವನಿಗೆ ಒಂದರಲ್ಲಿ ಆತುರ, ಒಂದರಲ್ಲಿ ತಮಾಷೆ, ಇನ್ನೊಂದರಲ್ಲಿ ಪ್ರೀತಿ ಎಂದು ಅವಳೇ ಹೆಸರಿಟ್ಟುಕೊಂಡಿದ್ದಳು. ಎಲ್ಲಿಯೂ ಅಳತೆಪಟ್ಟಿ ಇಟ್ಟು ಎಳೆದ ಗೆರೆಯಿಲ್ಲ, ಆದರೂ ಎಂಥ ಲೆಕ್ಕ, ಎಂಥ ಲಯ! ಕಂಬ ಎಲ್ಲಿ ಭಾರ ಹೊರುತ್ತದೋ ಅಲ್ಲೇ ಹೂ ಅರಳಿತ್ತು. ಒಂದು ಶರತ್ಕಾಲ ರಜೆ ಮುಗಿಸಿ ಬಂದು ನೋಡಿದರೆ ಮನೆಯ ಮುಖ ಪೂರ್ತಿ ಬೂದು. ಹುಡುಗಿ ಬೀದಿಯಲ್ಲಿ ನಿಂತು ಗೊಳೋ ಎಂದು ಅತ್ತಿದ್ದಳು. ಮುಂದೆ ಎಷ್ಟೋ ವರ್ಷದ ಮೇಲೆ ಒಂದು ನೃತ್ಯಕೂಟದಲ್ಲಿ ಉದ್ದ ಕಾಲಿನ ಹುಡುಗನೊಬ್ಬ ತನ್ನ ಮನೆ ಎಲ್ಲಿದೆ ಎಂದು ಹೇಳಿದಾಗ ಅವಳು ಕುಣಿಯುವುದನ್ನೇ ನಿಲ್ಲಿಸಿದಳು. ನಿಜ ಹೇಳಬೇಕೆಂದರೆ ಅವಳು ಮೊದಲು ಸೋತದ್ದು ವಿಳಾಸಕ್ಕೆ. ಹುಡುಗನ ಮೇಲೆ ಮನಸ್ಸಾದದ್ದು ಆಮೇಲೆ.

ಆದರೆ ಮನೆ ಒಟ್ಟೀಲಿಯ ಹೆಸರಿನಲ್ಲಿತ್ತು. ಪ್ರತಿ ಶನಿವಾರ ಬೆಳಗ್ಗೆ ಮನೆ ಮುಂದಿನ ಕಲ್ಲುಹಾಸನ್ನು ಗುಡಿಸಿ, ಆ ಬೂದು ಗೋಡೆಯನ್ನು ದನದ ಬೆನ್ನು ತಟ್ಟಿದ ಹಾಗೆ ಒಮ್ಮೆ ತಟ್ಟಿ ಒಳಗೆ ಬರುತ್ತಿದ್ದಳು. ಅದಕ್ಕೆ ಯಾರೂ ಸೈಕಲ್ ಒರಗಿಸುವಂತಿರಲಿಲ್ಲ. ದೇಶ ಎರಡಿದ್ದದ್ದು ಒಂದಾಯಿತು, ನಾಣ್ಯ ಬದಲಾಯಿತು, ಗಲ್ಲಿಯ ಮನೆಗಳಿಗೆಲ್ಲ ಒಂದೊಂದಾಗಿ ಹೊಸ ಜೀವ ಬಂತು. ಎದುರುಮನೆಯವರು ತೊಲೆಗೆ ಎತ್ತಿನ ರಕ್ತದಂಥ ಕಡುಗೆಂಪು ಬಣ್ಣ ಬಳಿದು ಹೂಗಳಿಗೆ ಹಳದಿ ತುಂಬಿದರು. ಎಲ್ಲರ ನಡುವೆ ಈ ಮನೆಯೊಂದು ಮುಸುಕು ಹಾಕಿಕೊಂಡ ವಿಧವೆಯ ಹಾಗೆ ನಿಂತಿತ್ತು.

"ಕಚೇರಿಗೆ ಒಂದು ಕಾಗದ ಬರಿ," ಎಂದ ಫೋಲ್ಕ್‌ಮಾರ್, ಅಗಲ ಅಂಚಿನ ಕರಿ ಟೋಪಿಯನ್ನು ಹಿಂದೆ ಸರಿಸಿ. "ಹಳೇ ಕಟ್ಟಡ ನೋಡಿಕೊಳ್ಳೋರು ಬರ್ತಾರೆ, ಕಡ್ಡಿ ಚುಚ್ಚಿ ನೋಡ್ತಾರೆ, ಆಜ್ಞೆ ಹೊರಡಿಸ್ತಾರೆ. ನಿಮ್ಮತ್ತೆ ಬೇಡ ಅನ್ನೋ ಹಾಗಿಲ್ಲ. ಖರ್ಚಿಗೂ ಅವರೇ ಕೈಜೋಡಿಸ್ತಾರೆ. ಹೆಪ್ಪುಗಟ್ಟೋ ಚಳಿ ಬಂದು ಆ ತೊಲೆಯೊಳಗಿನ ನೀರು ಉಬ್ಬಿತೂಂದ್ರೆ ಮೂಲೆ ಕೂತುಬಿಡುತ್ತೆ, ರೋಸ್ವಿತಾ. ಮೂಲೆ ಮೇಲೆ ಯಾರ ಕೋಣೆ ಇದೆ ಅಂತ ನಿನಗೇ ಗೊತ್ತು."

ಗೊತ್ತಿತ್ತು. ಒಟ್ಟೀಲಿಯ ಕೋಣೆ. ಎರ್ವಿನ್ ಸತ್ತ ಹಾಸಿಗೆ ಇದ್ದ ಕೋಣೆ.

ಆದರೆ ಆ ಊರಿನಲ್ಲಿ ಸ್ವಂತ ಮನೆಯವರ ಬಗ್ಗೆ ಕಚೇರಿಗೆ ಕಾಗದ ಬರೆಯುವುದೆಂದರೆ! ಹಳೆಯ ಸರ್ಕಾರದ ಗುಪ್ತ ಪೊಲೀಸರಿಗೆ ಯಾರ ಮೇಲೆ ಯಾರು ಗುಟ್ಟಾಗಿ ಬರೆದು ಕೊಟ್ಟಿದ್ದರು ಎಂಬುದು ಆ ವರ್ಷಗಳಲ್ಲಷ್ಟೇ ಹೊರಬೀಳುತ್ತಿತ್ತು. ಮೂವತ್ತು ವರ್ಷ ಒಂದೇ ಬೇಲಿಯ ಆಚೀಚೆ ಇದ್ದವರು ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು. ರೋಸ್ವಿತಾ ಏನನ್ನೂ ಬರೆಯಲಿಲ್ಲ. ಆದರೂ ಫೋಲ್ಕ್‌ಮಾರ್ ಆಡಿದ ಮಾತು ರೊಟ್ಟಿ ಅಂಗಡಿಯ ದಾರಿಯಾಗಿ ಒಟ್ಟೀಲಿಯ ಕಿವಿಗೆ ಬಿತ್ತು.

"ಬರಿ! ಬರೆದುಬಿಡು!" ಮುದುಕಿ ಅಡುಗೆಮನೆಯ ಬಾಗಿಲಲ್ಲಿ ನಿಂತು ಕೂಗಿದಳು. "ಈ ಊರಲ್ಲಿ ಅದಕ್ಕೇನು ಬರವೇ? ಸೊಸೆ ಅತ್ತೆ ಮೇಲೆ ಬರೆಯೋದೊಂದು ಬಾಕಿ ಇತ್ತು. ಹೆನ್ನಿಂಗ್, ನಿನ್ನ ಹೆಂಡ್ತಿಗೆ ಒಂದು ಒಳ್ಳೇ ಪೆನ್ನು ತಂದುಕೊಡೋ!"

"ನಾನು ಬರೆಯಲ್ಲ," ಎಂದಳು ರೋಸ್ವಿತಾ. ಕಣ್ಣಲ್ಲಿ ನೀರು ತುಂಬಿತ್ತು. "ಯಾವತ್ತೂ ಬರೆಯಲ್ಲ, ಅತ್ತೆ. ನೀವೇ ಹೂಂ ಅನ್ನಬೇಕು. ಅನ್ನೋವರೆಗೆ ಆ ಕೋಣೆ ಬಿಟ್ಟು ನಮ್ಮ ಕೋಣೆಗೆ ಬನ್ನಿ. ನಾವು ಅಡುಗೆಮನೇಲಿ ಮಲಗ್ತೀವಿ."

"ನನ್ನ ಕೋಣೆ ಬಿಟ್ಟು ನಾನೆಲ್ಲೂ ಬರೋಳಲ್ಲ."

ಆ ಮಧ್ಯಾಹ್ನ ಮೊದಲ ಆಲಿಕಲ್ಲು ಬಿತ್ತು. ಹಾರ್ಟ್ಸ್ ಬೆಟ್ಟದ ಕಡೆಯಿಂದ ಗಾಳಿ ಎದ್ದು ಮನೆ ಕಿರ್ ಎಂದಿತು. ಉಗ್ರಾಣದಲ್ಲಿ ಬಾಟಲಿಗಳು ಒಂದಕ್ಕೊಂದು ತಾಗಿ ಸದ್ದು ಮಾಡಿದವು. ರೋಸ್ವಿತಾ ಕೈಯಲ್ಲಿದ್ದ ಆಲೂಗಡ್ಡೆಯನ್ನು ಕೆಳಗಿಟ್ಟು, ತನ್ನ ಹಾಸಿಗೆಯನ್ನು ಸುರುಳಿ ಸುತ್ತಿ, ಮೆಟ್ಟಿಲ ಮೇಲೆ ಎಳೆದುಕೊಂಡು ಹೋಗಿ ಅತ್ತೆಯ ಕೋಣೆಯ ಇಳಿಜಾರಾದ ಆ ಮೂಲೆಯಲ್ಲಿ ಬಿಚ್ಚಿದಳು.

"ಏನು ಮಾಡ್ತಿದ್ದೀಯೇ?"

"ಮಲಗ್ತೀನಿ. ಬೀಳೋದಾದರೆ ಇಬ್ಬರೂ ಬೀಳೋಣ."

"ಹುಚ್ಚು ಹಿಡೀತಾ? ನಿನಗೇನು ಸಾಯೋ ವಯಸ್ಸೇ?"

"ನಿಮಗೂ ಅಲ್ಲ."

ಆಗ ಬಾಗಿಲಲ್ಲಿ ಹೆನ್ನಿಂಗ್ ಕಾಣಿಸಿಕೊಂಡ. ಕಂಕುಳಲ್ಲಿ ದಿಂಬು. ಎಷ್ಟೋ ವರ್ಷಗಳಿಂದ ಕೇಕಿನ ಹಿಂದೆ ಅಡಗಿಕೊಂಡಿದ್ದ ಮನುಷ್ಯ ಅವತ್ತು ಏನೂ ತಿಂದಿರಲಿಲ್ಲ. "ಜಾಗ ಇದೆಯಾ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಒಳಗೆ ಕಾಲಿಟ್ಟ. ಅವನ ಭಾರಕ್ಕೆ ಹಲಗೆ ನರಳಿತು.

"ಬರಬೇಡ!" ಒಟ್ಟೀಲಿ ಚೀರಿದಳು. "ಮೂರೂ ಜನ ಒಂದೇ ಮೂಲೇಲಿ ಸೇರಿದರೆ ಈಗಲೇ ಕುಸಿಯುತ್ತೆ, ಪೆದ್ದ ಮುಂಡೇದೇ! ಆಚೆ ನಿಲ್ಲು!"

ಆಡಿದ ಮೇಲೆ ಮುದುಕಿಗೆ ತಾನೇನು ಆಡಿದೆ ಎಂಬುದು ತಿಳಿಯಿತು.

"ಹಾಗಾದರೆ ನಿಮಗೆ ಗೊತ್ತು," ಎಂದಳು ರೋಸ್ವಿತಾ ಮೆಲ್ಲಗೆ. "ಮೂಲೆ ಇಳೀತಿದೆ ಅಂತ ಗೊತ್ತಿದ್ದೂ... ಯಾಕೆ, ಅತ್ತೆ?"

ಒಟ್ಟೀಲಿ ಮಂಚದ ಅಂಚಿನಲ್ಲಿ ಕುಸಿದು ಕುಳಿತಳು. ಎಂದೂ ಯಾರೆದುರೂ ಅಳದ ಹೆಂಗಸು ಮುಖ ಮುಚ್ಚಿಕೊಂಡು ಬಿಕ್ಕಿ ಬಿಕ್ಕಿ ಅಳತೊಡಗಿದಳು.

"ನಾನೇ ಮಾಡಿಸಿದ್ದು... ನಾನೇ! ಅವನಿಗೆ ಮನಸ್ಸಿರಲಿಲ್ಲ. ಹಿಂದಿನ ಗಲ್ಲಿಯನ್ನ ಯಂತ್ರ ತಂದು ಕೆಡವಿದ್ದರು, ಸಾಲಿಗೆ ಸಾಲೇ ಮಣ್ಣಾಗಿತ್ತು. ಅಧಿಕಾರಿಗಳು ಬಾಗಿಲು ಬಾಗಿಲಿಗೂ ಬಂದು ಹಳೇದು, ಹಳೇದು ಅಂತ ಗುರುತು ಹಾಕ್ತಿದ್ದರು. ನಾನು ಬೆಳಗ್ಗೆ ಎದ್ದರೆ ಅದೇ, ರಾತ್ರಿ ಮಲಗಿದರೆ ಅದೇ... ಮುಚ್ಚಿಬಿಡು ಎರ್ವಿನ್, ಹೊಸಾ ಮನೆ ಥರ ಕಾಣಲಿ ಎರ್ವಿನ್ ಅಂತ ಪ್ರಾಣ ತಿಂದೆ. ಬರೀ ಮರದ ಮೇಲೆ ಸಿಮೆಂಟ್ ಕೂರಲ್ಲ. ಕೊಡಲೀಲಿ ಕಚ್ಚು ಹಾಕಬೇಕು. ಮೈತುಂಬ ಕಚ್ಚು! ಅವನ ಮುತ್ತಜ್ಜಂದಿರು ಕಾಪಾಡಿಕೊಂಡು ಬಂದ ಹೂಗಳು... ನಾನು ಒಳಗೆ ಕೂತು ಅವನು ಕಡಿಯೋದನ್ನ ಕೇಳಿಸ್ಕೊಂಡೆ. ಒಂದು ಸಲ ಸದ್ದು ನಿಂತುಹೋಯ್ತು. ಯಾಕೆ ನಿಲ್ಲಿಸಿದೆ ಅಂತ ನಾನು, ಈ ಪಾಪಿ, ಕಿಟಕಿಯಿಂದ ಕೂಗಿದೆ! ಮತ್ತೆ ಶುರುವಾಯ್ತು. ಠಕ್ ಠಕ್ ಠಕ್, ಸಂಜೆವರೆಗೂ. ಇಳಿದು ಬಂದವನು ನನ್ನ ಮುಖ ನೋಡಲಿಲ್ಲ. ಆಗಲೂ ನೋಡಲಿಲ್ಲ, ಸಾಯೋವರೆಗೂ ಸರಿಯಾಗಿ ನೋಡಲಿಲ್ಲ. ಗೋಡೆ ಕಿತ್ತರೆ ಆ ಗಾಯ ಎಲ್ಲ ಕಾಣುತ್ತೆ ಕಣೇ... ನಾನು ಹೇಗೆ ನೋಡಲಿ? ಹೇಗೆ ನೋಡಲಿ!"

ಹೆನ್ನಿಂಗನ ಕೈಯಿಂದ ದಿಂಬು ಬಿತ್ತು. ಆ ಶರತ್ಕಾಲ ಅವನು ಸೈನ್ಯದ ಕಡ್ಡಾಯ ಸೇವೆಯಲ್ಲಿ ದೂರ ಇದ್ದ. ಅಪ್ಪನ ಸಾವಿಗೆ ಬಂದಾಗ ಗೋಡೆ ಒಣಗಿತ್ತು. ಅಮ್ಮನ ಬಾಯಿಂದ ಈ ಮಾತು ಅವನು ಕೇಳುತ್ತಿರುವುದು ಇದೇ ಮೊದಲು.

ಅತ್ತೆ ಇಷ್ಟು ವರ್ಷ ತಟ್ಟಿದ್ದು ಗೋಡೆಯನ್ನಲ್ಲ, ಒಂದು ಗೋರಿಯನ್ನು ಎಂದು ರೋಸ್ವಿತಾಳಿಗೆ ಅರ್ಥವಾಯಿತು. ತನ್ನನ್ನು ಚುಚ್ಚಿದ ಮಾತುಗಳೆಲ್ಲ ಅವಳಿಗೆ ಆ ಕ್ಷಣ ಮರೆತುಹೋದವು. ಮಂಡಿಯೂರಿ ಕುಳಿತು ಅತ್ತೆಯ ಒಣಗಿದ ಕೈಗಳನ್ನು ಹಿಡಿದುಕೊಂಡಳು. "ಆ ಗಿಲಾವು ಇಲ್ಲದಿದ್ದರೆ ಈ ಮನೆಯೂ ಹೋಗ್ತಿತ್ತು, ಅತ್ತೆ. ಹಿಂದಿನ ಗಲ್ಲಿಯ ಥರ. ಗಾಯ ಆಗಿ ಉಳೀತು. ನಾನು ನೋಡ್ತೀನಿ. ನೀವು ನೋಡಬೇಡಿ, ಬೆನ್ನು ಹಾಕಿ ಕೂತಿರಿ. ಆದರೆ ಬಿಚ್ಚೋಣ..."

ಮುದುಕಿ ಮೂಗೊರೆಸಿಕೊಂಡು, "ಆ ಫೋಲ್ಕ್‌ಮಾರ್ ಬೂಟು ಒರೆಸದೆ ಒಳಗೆ ಬರ್ತಾನೆ. ಮೊದಲೇ ಹೇಳಿಬಿಡು," ಎಂದಳು. ಒಟ್ಟೀಲಿಯ ಹೂಂ ಎಂದರೆ ಹಾಗಿರುತ್ತದೆ.

ಸೋಮವಾರ ಗಲ್ಲಿಯಲ್ಲಿ ಅಟ್ಟಣೆ ಎದ್ದಿತು. ಮೂಲೆಗೆ ದಪ್ಪ ಊರುಗೋಲು ಕೊಟ್ಟು ಭದ್ರ ಮಾಡಿದ ಮೇಲೆ ಫೋಲ್ಕ್‌ಮಾರ್ ಉಳಿ ಹಿಡಿದ. ಎದುರುಮನೆಯವರು ಕಿಟಕಿಯ ಅಂಚಿಗೆ ಮೆತ್ತೆ ಹಾಕಿ, ಅದರ ಮೇಲೆ ಮೊಣಕೈ ಊರಿ ಕುಳಿತರು. ಒಟ್ಟೀಲಿ ಅಡುಗೆಮನೆಯ ಕುರ್ಚಿಯನ್ನು ಬೀದಿಗೆ ತಂದು ಹಾಕಿಕೊಂಡು, ಒಳ್ಳೆಯ ಕೋಟು ತೊಟ್ಟು, ಮನೆಗೆ ಬೆನ್ನು ಹಾಕಿ ಕುಳಿತಳು. ಮಡಿಲಲ್ಲಿ ಕೈಚೀಲವನ್ನು ಎರಡೂ ಕೈಯಲ್ಲಿ ಹಿಡಿದಿದ್ದಳು. ಸಿಮೆಂಟಿನ ಹಕ್ಕಳೆಗಳು ಕಳಚಿ ಬೀಳುವಾಗಲೆಲ್ಲ ಅವಳ ಭುಜ ಅದುರುತ್ತಿತ್ತು.

ಮೊದಲು ಕಂಬಗಳು ಕಂಡವು. ಮೈತುಂಬ ಮೀನಿನ ಹುರುಪೆಯ ಹಾಗೆ ಕೊಡಲಿಯ ಕಚ್ಚು. ಅಟ್ಟಣೆಯ ಮೇಲೆ ನಿಂತಿದ್ದ ರೋಸ್ವಿತಾ ಒಂದು ಕಚ್ಚಿನ ಮೇಲೆ ಬೆರಳಿಟ್ಟು ನೋಡಿದಳು. ಫೋಲ್ಕ್‌ಮಾರ್ ಮುಂದಕ್ಕೆ ಸರಿದ. ಹೂಗಳ ತೊಲೆ ಬಂತು. ಮೊದಲನೆಯ ಹೂವಿನ ಮೇಲೆ ಮೂರು ಏಟು, ಆಳವಾದ, ಅಡ್ಡಡ್ಡ ಏಟು. ಎಸಳುಗಳು ಒಡೆದಿದ್ದವು. ರೋಸ್ವಿತಾ ಆ ಹೂವನ್ನು ಗುರುತು ಹಿಡಿದಳು. ತಮಾಷೆಯ ಹೂ ಅದು. ಅವಳು ಕತ್ತಿನ ವಸ್ತ್ರವನ್ನು ಬಾಯಿಗೆ ಒತ್ತಿಕೊಂಡಳು.

ಎರಡನೆಯ ಹೂವಿನ ಬಳಿ ಉಳಿಯ ಸದ್ದು ಬದಲಾಯಿತು. ಗಿಲಾವು ಇಡಿಯಾಗಿ ಚಾಪೆಯಂತೆ ಸಡಿಲವಾಯಿತು. ಫೋಲ್ಕ್‌ಮಾರ್ ಟೋಪಿ ತೆಗೆದು ಬಗ್ಗಿ ನೋಡಿದ. "ರೋಸ್ವಿತಾ... ಇಲ್ಲಿ ಬಾ."

ಸಿಮೆಂಟಿನ ಕೆಳಗೆ ಜೊಂಡಿನ ಚಾಪೆಯಿತ್ತು. ಅದರ ಅಂಚಿನುದ್ದಕ್ಕೂ, ಸೆಣಬಿನ ಚೀಲಕ್ಕೆ ಹೊಲಿಗೆ ಹಾಕಿದ ಹಾಗೆ, ಒತ್ತೊತ್ತಾಗಿ ಸಣ್ಣ ಸಣ್ಣ ಮೊಳೆಗಳು. ಒಂದು ಮೊಳೆಯೂ ಎಸಳನ್ನು ಮುಟ್ಟಿರಲಿಲ್ಲ. ಎಲ್ಲವೂ ಹೂವಿನ ಹೊರಗೆ, ಬರಿಯ ಮರದಲ್ಲಿ. ಫೋಲ್ಕ್‌ಮಾರ್ ಚಾಪೆಯನ್ನು ಎತ್ತಿದ. ಒಳಗೆ ಹೂ ಇತ್ತು! ಒಂದು ಎಸಳೂ ಮುಕ್ಕಾಗದೆ, ಸಂದುಗಳಲ್ಲಿ ಇನ್ನೂ ಹಳೆಯ ಕೆಂಪು ಬಣ್ಣ ಉಳಿಸಿಕೊಂಡು, ರೋಸ್ವಿತಾ ಕೊಳಲು ಕಂಕುಳಲ್ಲಿಟ್ಟುಕೊಂಡು ನೋಡುತ್ತಿದ್ದ ಹಾಗೆಯೇ. ಮುಂದಿನದಕ್ಕೂ ಚಾಪೆ. ಅದರ ಮುಂದಿನದಕ್ಕೂ. ತೊಲೆಯ ಕೊನೆಯವರೆಗೂ.

"ಅತ್ತೆ!" ರೋಸ್ವಿತಾ ಅಟ್ಟಣೆಯಿಂದ ಹಾರಿ ಇಳಿದಳು. "ಅತ್ತೆ, ತಿರುಗಿ! ಒಂದು ಸಲ ತಿರುಗಿ ನೋಡಿ!"

"ಬೇಡ... ಬೇಡ ಅಂದೆನಲ್ಲ..."

"ಅದು ಕೊಡಲಿಯಲ್ಲ, ಅತ್ತೆ! ನೀವು ಸಂಜೆವರೆಗೂ ಕೇಳಿಸ್ಕೊಂಡಿದ್ದು ಕೊಡಲಿಯಲ್ಲ. ಸುತ್ತಿಗೆ. ಸಣ್ಣ ಸುತ್ತಿಗೆ. ಮಾವ ಮೊಳೆ ಹೊಡೀತಿದ್ದರು... ಹೂಗಳಿಗೆ ಹೊದಿಕೆ ಹೊದಿಸ್ತಿದ್ದರು!"

ಒಟ್ಟೀಲಿ ನಿಧಾನಕ್ಕೆ ತಿರುಗಿದಳು. ಆ ಮನೆಯ ನೆಲದಂತಸ್ತು ಬಲು ಕುಳ್ಳು. ಕುರ್ಚಿ ಹತ್ತಿದರೆ ತೊಲೆ ಕೈಗೆ ಸಿಗುತ್ತದೆ. ಯಾರ ಕೈಯನ್ನೂ ಹಿಡಿಯದೆ ಅವಳು ಆ ಕುರ್ಚಿಯನ್ನು ಗೋಡೆಯ ಬಳಿಗೆ ಎಳೆದುಕೊಂಡು ಹತ್ತಿದಳು. ಹೆನ್ನಿಂಗ್ ಓಡಿಬಂದು ಅಮ್ಮನ ಸೊಂಟ ಹಿಡಿದು ನಿಂತ. ಮುದುಕಿಯ ಬೆರಳುಗಳು ಮೊಳೆಗಳ ಸಾಲಿನ ಮೇಲೆ ಒಂದೊಂದಾಗಿ ಸರಿದವು. ಜಪಮಾಲೆ ಎಣಿಸುವವರು ಅಷ್ಟು ಮೆಲ್ಲಗೆ ಎಣಿಸುವುದಿಲ್ಲ.

"ನನಗೆ ಹೇಳಲೇ ಇಲ್ಲವಲ್ಲೋ, ಎರ್ವಿನ್..." ಎಂದಳು. "ಒಂದು ಮಾತು ಹೇಳಬಾರದಿತ್ತೇ... ಹೇಳಿದ್ದರೆ ನಾನು ಕೂಗಾಡ್ತಿದ್ದೆ. ಹೌದು. ಚಾಪೆ ಕೀಳು, ಗಟ್ಟಿಯಾಗಿ ಮೆತ್ತು ಅಂತ ಕೂಗಾಡ್ತಿದ್ದೆ. ಅದಕ್ಕೇ ಹೇಳಲಿಲ್ಲ, ಅಲ್ಲವೇನೋ?"

ಕೆಳಗೆ ನಿಂತಿದ್ದ ಹೆನ್ನಿಂಗ್ ಅಮ್ಮನ ಕೋಟಿಗೆ ಮುಖ ಒತ್ತಿಕೊಂಡು ಮಗುವಿನ ಹಾಗೆ ಅತ್ತ. ಎದುರುಮನೆಯವರು ಕಿಟಕಿಯಿಂದ ಒಳಗೆ ಸರಿದರು.

ಕೊಳೆತ ತಳತೊಲೆಯನ್ನೂ ಮೂಲೆಯ ಕಂಬದ ಬುಡವನ್ನೂ ತೆಗೆದು ಹಾಕಬೇಕಾಯಿತು. ಮನೆಯನ್ನು ಬೆರಳಗಲ ಬೆರಳಗಲವಾಗಿ ಮೇಲಕ್ಕೆತ್ತಿದ ದಿನ ಒಟ್ಟೀಲಿ ರೋಸ್ವಿತಾಳ ತಾಯಿಯ ಕಾಂಕ್ರೀಟ್ ಮನೆಯಲ್ಲಿದ್ದಳು. ಆ ಚಳಿಗಾಲ ಪೂರ್ತಿ ಅಲ್ಲೇ ಇದ್ದಳು. ಲಿಫ್ಟಿನ ಬಗ್ಗೆ ದೂರುತ್ತಾ, ಬಿಸಿನೀರಿನ ನಲ್ಲಿಯನ್ನು ಗುಟ್ಟಾಗಿ ಮೆಚ್ಚುತ್ತಾ ಕಳೆದಳು. ಹೊಸ ಓಕ್ ತೊಲೆ ಹಳೆಯ ಕಂಬಗಳ ಬುಡಕ್ಕೆ ಬಂದು ಕೂತಾಗ ಹಿಮ ಕರಗಿ ಗಲ್ಲಿಯ ಕಲ್ಲುಗಳು ಕಾಣುತ್ತಿದ್ದವು.

ಮರದ ಕೆಲಸ ಮುಗಿದ ದಿನ ಕೊನೆಯ ಬೆಣೆಯನ್ನು ಮನೆಯ ಒಡತಿಯೇ ಹೊಡೆಯಬೇಕು, ಬಡಗಿಗಳು ಸುತ್ತ ನಿಂತು ಏಟಿಗೊಂದು ಗೇಲಿ ಮಾಡಬೇಕು. ಅದು ಅಲ್ಲಿನ ಪದ್ಧತಿ. ಫೋಲ್ಕ್‌ಮಾರ್ ಒಗೆದ ಕರಿ ಬಟ್ಟೆ ತೊಟ್ಟು, ಬೂಟು ಒರೆಸಿಕೊಂಡೇ ಬಂದ. ತಲೆ ಬಾಗಿಸಿ ಮರದ ಕೊಡತಿಯನ್ನು ಒಟ್ಟೀಲಿಯ ಮುಂದೆ ಹಿಡಿದ.

ಒಟ್ಟೀಲಿ ಕೊಡತಿಯನ್ನು ತೆಗೆದುಕೊಂಡು ತೂಗಿ ನೋಡಿ ಸೊಸೆಯ ಕೈಗಿಟ್ಟಳು.

"ಅತ್ತೆ, ಒಡತಿ ಹೊಡೀಬೇಕು," ರೋಸ್ವಿತಾ ತಡವರಿಸಿದಳು.

"ಗೊತ್ತು. ಹೊಡಿ."

"ಆದರೆ ಮನೆ..."

"ಕಿವಿ ಕೇಳಿಸಲ್ಲವೇನೇ? ಹೊಡಿ ಅಂದೆ."

ರೋಸ್ವಿತಾ ಕಣ್ಣೀರಿನಲ್ಲಿ ಬೆಣೆ ಕಾಣದೆ ಮೊದಲ ಏಟಿಗೆ ಗುರಿ ತಪ್ಪಿದಳು. "ಬೆಣೆ ಬಲಗಡೆ ಇದೆ, ಒಡತೀ!" ಎಂದು ಬಡಗಿಗಳು ಹೋ ಎಂದರು. ಎಲ್ಲರಿಗಿಂತ ಜೋರಾಗಿ ನಕ್ಕವಳು ಒಟ್ಟೀಲಿ. ಎರಡನೆಯ ಏಟಿಗೆ ಬೆಣೆ ಕಚ್ಚಿಕೊಂಡಿತು, ಮೂರನೆಯದಕ್ಕೆ ಒಳಗೆ ಹೋಯಿತು. ಹೆನ್ನಿಂಗ್ ಎಲ್ಲರಿಗೂ ಬಿಯರ್ ಹಂಚಿದ.

ಸದ್ದು ಅಡಗಿದ ಮೇಲೆ ಫೋಲ್ಕ್‌ಮಾರ್ ತೊಲೆಯತ್ತ ಕೈ ತೋರಿಸಿದ. "ಇನ್ನು ಆ ಮೊದಲನೇ ಹೂ ಒಂದು ಉಳೀತು. ಒಡೆದ ಕಡೆ ಹೊಸ ಮರ ಕೂರಿಸಿ ಕೆತ್ತಿಕೊಡ್ತೀನಿ. ಏಟು ಬಿದ್ದಿತ್ತು ಅಂತ ಯಾರಿಗೂ ಗೊತ್ತಾಗಲ್ಲ. ಏನು ಮಾಡೋಣ?"

ಅವನು ಕೇಳಿದ್ದು ಹೊಸ ಒಡತಿಯನ್ನು. ರೋಸ್ವಿತಾ ಅತ್ತೆಯ ಕಡೆ ನೋಡಿದಳು. ಒಟ್ಟೀಲಿ ಕತ್ತೆತ್ತಿ ಆ ಮೂರು ಏಟುಗಳನ್ನು ನೋಡುತ್ತಿದ್ದಳು. ಅವಳ ಮುಖದಲ್ಲಿ ಈಗ ಭಯ ಇರಲಿಲ್ಲ.

"ಅದನ್ನ ಮುಟ್ಟಬೇಡ, ಫೋಲ್ಕ್‌ಮಾರ್," ಎಂದಳು. "ಉಳಿದವೆಲ್ಲ ಎರ್ವಿನ್‌ದು. ಅದೊಂದು ನನ್ನದು."